ಗಾಳಿ ಒಯ್ದ ತಗಡು, ನೆತ್ತಿ ಮೇಲೆ ಉಳಿದ ಸಾಲ

(ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ರೈತರು ಮತ್ತು ನೇಕಾರರ ಮುಂದೆ ಆಡಿದ ಮಾತಿನ ಬರಹರೂಪ)



ಬೆಲೆ ಮತ್ತು ಸಾಲದ ಮಾತು ಆಡುವ ಪತ್ರಿಕೆಯೊಳಗೆ ಮನಿ ಮೇಲಿನ ತಗಡಿನ ಸುದ್ದಿ ಯಾಕ ಬಂತು ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ. ರೈತನ ಸಾಲ ಅಂದರೆ ಬೀಜ, ಗೊಬ್ಬರ, ಬೋರು, ಪೈಪ್‌ಲೈನು, ಮಗಳ ಮದುವೆ, ಇಷ್ಟೇ ನಮ್ಮ ಲೆಕ್ಕಕ್ಕೆ ಬರುತ್ತದೆ. ಹತ್ತು ನಿಮಿಷದ ಗಾಳಿ ಮಾಡಿಟ್ಟು ಹೋಗುವ ಸಾಲವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ದನದ ಶೆಡ್ಡು ಹಾರಿಹೋಯಿತು, ಮರಳಿ ಹೊಚ್ಚಲಿಕ್ಕೆ 80,000 ರೂಪಾಯಿ ಬೇಕು ಅಂತ ಇಟ್ಟುಕೊಳ್ಳಿರಿ. ಮುಂಗಾರು ಎದುರಿಗೇ ನಿಂತಿದೆ, ಬ್ಯಾಂಕಿನವರು ಆ ತಿಂಗಳೊಳಗೆ ಕೊಡುವುದಿಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಕೈಗಡ ತಂದರೆ ತಿಂಗಳ ಬಡ್ಡಿ 2,400, ವರ್ಷಕ್ಕೆ 28,800. ಮೂರು ವರ್ಷ ಅಸಲು ಮುಟ್ಟದೆ ಬರೇ ಬಡ್ಡಿ ಕೊಟ್ಟರೆ 86,400. ತಗಡಿನ ರೊಕ್ಕಕ್ಕಿಂತ ಬಡ್ಡಿಯ ರೊಕ್ಕವೇ ಹೆಚ್ಚಾಯಿತು, ಅಸಲು ಹಾಗೇ ಕೂತಿತು.

ಇವತ್ತು ನಾನು ಹೇಳುವ ಮಾತಿನ ಸಾರ ಇಷ್ಟು: ಗಾಳಿ ಮಾಡಿದ ಹಾನಿಗೆ ಮೊದಲ ಎರಡು ಮೂರು ದಿನದೊಳಗೆ ಕಾಗದ ಹುಟ್ಟಬೇಕು. ಕಾಗದ ಹುಟ್ಟಿದರೆ ಸರ್ಕಾರದ ಪರಿಹಾರ ಕೇಳಬಹುದು, ವಿಮೆಯ ರೊಕ್ಕ ಕೇಳಬಹುದು. ಹುಟ್ಟದಿದ್ದರೆ ಅಷ್ಟೂ ಹಾನಿ ಸಾಲವಾಗಿ ನಮ್ಮ ನೆತ್ತಿಯ ಮೇಲೆ ಕೂಡುತ್ತದೆ. ಇನ್ನೊಂದು ಮಾತು: ನಿಮ್ಮೊಳಗೆ ಎಷ್ಟೋ ಮಂದಿ ಶೆಡ್ಡಿನ ವಿಮೆಗೆ ಈಗಾಗಲೇ ರೊಕ್ಕ ಕಟ್ಟುತ್ತಿದ್ದೀರಿ, ಅದು ನಿಮಗೇ ಗೊತ್ತಿರಲಿಕ್ಕಿಲ್ಲ. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ತಗಡು ಹಾರುವುದು ಯಾಕೆ?

ನಮ್ಮ ಹಿರಿಯರ ಮಾಳಿಗೆ ಮನೆಗಳನ್ನು ನೆನೆಸಿರಿ. ಕಲ್ಲಿನ ಗೋಡೆ, ತೊಲೆ, ಜಂತಿ, ಅದರ ಮೇಲೆ ಗೇಣುದ್ದದ ಮಣ್ಣು. ಮಳೆಗಾಲದಲ್ಲಿ ಸೋರುತ್ತಿತ್ತು, ಜಡಿಮಳೆ ಹಿಡಿದರೆ ಕುಸಿಯುತ್ತಿತ್ತು, ಆದರೆ ಗಾಳಿಗೆ ಹಾರಿದ ಮಾಳಿಗೆಯನ್ನು ಯಾರೂ ಕಂಡಿಲ್ಲ. ಒಂದು ಚದರ ಮೀಟರು ಮಾಳಿಗೆಯ ಮೇಲೆ ನೂರಾರು ಕೆಜಿ ಮಣ್ಣಿರುತ್ತಿತ್ತು. ಈಗ ಆ ಮಣ್ಣು ಹೊರುವವರೂ ಇಲ್ಲ, ಮರವೂ ಇಲ್ಲ. ಮನೆ, ದನದ ಕೊಟ್ಟಿಗೆ, ಬೆಲ್ಲದ ಗಾಣದ ಮನೆ, ಒಣದ್ರಾಕ್ಷಿ ಶೆಡ್ಡು, ಬನಹಟ್ಟಿ ಕಡೆ ಮಗ್ಗದ ಶೆಡ್ಡು, ಎಲ್ಲದರ ಮೇಲೂ ಪತ್ರಾಸ ಬಂದಿದೆ.

ಹತ್ತು ಫೂಟು ಉದ್ದ, ಮೂರು ಫೂಟು ಅಗಲದ ತೆಳು ತಗಡು ಹನ್ನೆರಡು-ಹದಿಮೂರು ಕೆಜಿ ತೂಗುತ್ತದೆ. ಗಾಳಿ ತಾಸಿಗೆ 60 ಕಿಲೋಮೀಟರು ಬೀಸಿದರೆ ಆ ತಗಡಿನ ಮೇಲೆ ಬೀಳುವ ಒತ್ತಡ ಸುಮಾರು 45 ಕೆಜಿ. 90 ಕಿಲೋಮೀಟರಿಗೆ ಅದು 100 ಕೆಜಿ ದಾಟುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ, ಇದು ಲೆಕ್ಕದ ನಿಯಮ. ಅಂಚು ಮತ್ತು ಮೂಲೆಯಲ್ಲಿ ಎಳೆತ ಇನ್ನೂ ಹೆಚ್ಚು. ಆದ್ದರಿಂದಲೇ ಮೊದಲು ಮೂಲೆಯ ತಗಡು ಎದ್ದು, ಅದರ ಹಿಂದೆ ಸಾಲಿಗೆ ಸಾಲೇ ಕಿತ್ತುಹೋಗುತ್ತದೆ.

ಈಗ ತಗಡಿನ ಮೇಲೆ ಕಲ್ಲು ಇಡುವ ನಮ್ಮ ರೂಢಿಯನ್ನು ನೋಡಿರಿ. ಹತ್ತು-ಹದಿನೈದು ಕೆಜಿ ಕಲ್ಲು ನೂರು ಕೆಜಿ ಎಳೆತವನ್ನು ಹಿಡಿಯುವುದಿಲ್ಲ. ತಗಡು ಎದ್ದ ಕೂಡಲೇ ಆ ಕಲ್ಲು ಒಳಗೆ ಮಲಗಿದ ಕೂಸಿನ ಮೇಲೆ, ಮುದುಕರ ಮೇಲೆ ಬೀಳುತ್ತದೆ. ಕಲ್ಲು ತೆಗಿರಿ, ಬೋಲ್ಟು ಹಾಕ್ರಿ. ಅಂಚಿನ ಸಾಲಿನ ತಗಡಿಗೆ ಹುಕ್ ಬೋಲ್ಟು ಒತ್ತೊತ್ತಾಗಿ ಇರಲಿ, ವಾಶರು ಅಗಲ ಇರಲಿ, ತುಕ್ಕು ಹಿಡಿದದ್ದನ್ನು ಯುಗಾದಿಯೊಳಗೆ ಬದಲಿಸಿರಿ. ತಗಡು ಪೈಪಿಗೆ ಗಟ್ಟಿ ಇದ್ದು, ಪೈಪು ಗೋಡೆಗೆ ಗಟ್ಟಿ ಇಲ್ಲದಿದ್ದರೆ ಇಡೀ ಚಾವಣಿ ಚೌಕಟ್ಟಿನ ಸಮೇತ ಏಳುತ್ತದೆ. ಅದಕ್ಕೆ ಪೈಪನ್ನು ಗೋಡೆಯೊಳಗೆ ಹೂತ ಕಬ್ಬಿಣಕ್ಕೆ ಕಟ್ಟಬೇಕು. ಮೂರು ಕಡೆ ಗೋಡೆ, ಒಂದು ಕಡೆ ಬಯಲು ಇರುವ ಶೆಡ್ಡು ಎಲ್ಲಕ್ಕಿಂತ ಅಪಾಯದ್ದು. ಗಾಳಿ ಬಯಲಿನಿಂದ ಒಳಗೆ ನುಗ್ಗಿ ಹೊರಗೆ ಹೋಗಲು ದಾರಿ ಸಿಗದೆ ತಗಡನ್ನು ಕೆಳಗಿನಿಂದ ಎತ್ತುತ್ತದೆ.

ನಮ್ಮಲ್ಲಿ ಅಶ್ವಿನಿ, ಭರಣಿ ಮಳೆಯಿಂದ ರೋಹಿಣಿ ಮಳೆಯ ತನಕ ಇದರ ಹಂಗಾಮು. ಮಧ್ಯಾಹ್ನದ ತನಕ ಬಿಸಿಲು ಕಾದು, ಸಂಜೆಗೆ ಮೋಡ ಕಟ್ಟಿ, ಮಳೆ ಹನಿಯುವ ಮೊದಲು ಗಾಳಿ ನೆಲಕ್ಕೆ ಬಡಿದು ಹರಡುತ್ತದೆ. ಬದಾಮಿ ಕಡೆಯ ಒಬ್ಬರಿಗೆ, ಬನಹಟ್ಟಿ ಕಡೆಯ ಇನ್ನೊಬ್ಬರಿಗೆ ಒಂದೇ ದಿನ ಹಾನಿ ಆಗುವ ನೆರೆಯಂಥದ್ದಲ್ಲ ಇದು. ಒಂದು ಊರಿನ ಒಂದು ಓಣಿಗೆ ಬಡಿದು ಮುಂದಿನ ಓಣಿ ಬಿಟ್ಟು ಹೋಗುತ್ತದೆ. ನೆರೆ ಬಂದಾಗ ಮಂತ್ರಿಗಳು ಬರುತ್ತಾರೆ, ಕಾಗದ ತಾನೇ ಹುಟ್ಟುತ್ತದೆ. 2009ರ ಮತ್ತು 2019ರ ನೆರೆಯಲ್ಲಿ ಅದನ್ನು ನೋಡಿದ್ದೇವೆ. ಗಾಳಿಗೆ ನಾಲ್ಕು ಮನೆ ಹಾರಿದರೆ ಯಾರೂ ಬರುವುದಿಲ್ಲ. ನಾವೇ ಹೋಗಿ ಕರೆತರಬೇಕು.

ಮೊದಲ ದಿನ ಏನು ಮಾಡಬೇಕು?

ಮೊದಲು ಜೀವ, ಆಮೇಲೆ ತಗಡು. ಹಾರಿದ ತಗಡು ಲೈನಿನ ತಂತಿ ಮೇಲೆ ಬಿದ್ದಿದ್ದರೆ ಮುಟ್ಟಬೇಡಿರಿ. ಹೆಸ್ಕಾಂಗೆ 1912ಕ್ಕೆ ಫೋನು ಮಾಡಿ ಕರೆಂಟು ತೆಗೆಸಿದ ಮೇಲೆಯೇ ಕೈ ಹಚ್ಚ್ರಿ. ಸಿಮೆಂಟಿನ ಪತ್ರಾಸ ಒಡೆದಿದ್ದರೆ ಒಣಗಿದ್ದಾಗ ಕಸಬರಿಗೆಯಿಂದ ಬಳಿಯಬೇಡಿರಿ. ಹಳೆಯ ಸಿಮೆಂಟಿನ ತಗಡಿನೊಳಗೆ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಪುಪ್ಪುಸಕ್ಕೆ ಹೊಕ್ಕರೆ ವರ್ಷಗಳ ಮೇಲೆ ರೋಗ ತರುತ್ತದೆ. ನೀರು ಹೊಡೆದು, ಬಾಯಿಗೆ ವಸ್ತ್ರ ಕಟ್ಟಿಕೊಂಡು ಎತ್ತಿರಿ.

ಎರಡನೆಯದು ಫೋಟೋ. ಕಸ ಬಳಿಯುವ ಮೊದಲು, ತಗಡು ಆರಿಸುವ ಮೊದಲು ಫೋಟೋ ತೆಗೆಯಬೇಕು. ಮನೆ ಪೂರ್ತಿ ಕಾಣುವಂತೆ ಒಂದು, ನಾಲ್ಕು ದಿಕ್ಕಿನಿಂದ ನಾಲ್ಕು, ಒಳಗೆ ನಿಂತು ಮೇಲಕ್ಕೆ ಆಕಾಶ ಕಾಣುವಂತೆ ಒಂದು, ತಗಡು ಹೋಗಿ ಬಿದ್ದ ಜಾಗದಲ್ಲಿ ಒಂದು, ಮುರಿದ ಬೋಲ್ಟಿನದು ಒಂದು, ತೊಯ್ದ ಕಾಳಿನ ಚೀಲ, ನೂಲು, ಬೀಮು ಏನೇನು ಹಾಳಾಗಿದೆಯೋ ಅದರದು. ಮನೆ ನಂಬರು ಇಲ್ಲವೆ ಪಕ್ಕದ ಗುಡಿ, ಗಿಡ ಯಾವುದಾದರೂ ಗುರುತು ಒಂದು ಫೋಟೋದಲ್ಲಿ ಬರಲಿ. ಮನೆಯ ಯಜಮಾನ ಅಥವಾ ಯಜಮಾನತಿ ನಿಂತ ಫೋಟೋ ಒಂದಿರಲಿ. ಫೋಟೋ ಒಂದೇ ಫೋನಿನಲ್ಲಿ ಇಡಬೇಡಿರಿ, ಮತ್ತೊಬ್ಬರಿಗೆ ಕಳಿಸಿಡ್ರಿ.

ಮೂರನೆಯದು ಪಟ್ಟಿ. ಎಷ್ಟು ತಗಡು ಹೋದವು, ಎಷ್ಟು ಫೂಟಿನವು, ಎಷ್ಟು ಪೈಪು ಬಾಗಿದವು, ಯಾವ ಗೋಡೆ ಎಷ್ಟು ಬಿದ್ದಿತು, ಒಳಗೆ ಏನು ಹಾಳಾಯಿತು, ತಾರೀಖು, ವೇಳೆ. ಶಾಲೆ ಕಲಿಯುವ ಹುಡುಗನಿಂದ ಒಂದು ಹಾಳೆಯ ಮೇಲೆ ಬರೆಸಿ ಇಬ್ಬರು ಮಗ್ಗುಲ ಮನೆಯವರ ಸಹಿ ಹಾಕಿಸಿರಿ.

ಇಷ್ಟಾದ ಮೇಲೆ ತಾಡಪತ್ರಿ ಹೊಚ್ಚಿರಿ. ಹಾನಿ ಬೆಳೆಯದಂತೆ ನೋಡಿಕೊಳ್ಳುವುದು ನಮ್ಮ ಕೆಲಸ, ವಿಮಾ ಕಂಪನಿಯೂ ಅದನ್ನೇ ಕೇಳುತ್ತದೆ. ತಾಡಪತ್ರಿಯ ಬಿಲ್ಲು, ಕೂಲಿ ಕೊಟ್ಟ ಚೀಟಿ ಇಟ್ಟುಕೊಳ್ರಿ. ಆದರೆ ಸರ್ವೆ ಆಗುವ ಮೊದಲು ಹೊಸ ತಗಡು ಹಾಕಿ, ಹಳೆಯದನ್ನು ಗುಜರಿಗೆ ಮಾರಬೇಡಿರಿ. ಗುಜರಿಯವನ ನಾಲ್ಕು ಕಾಸಿನ ಆಸೆಗೆ ಸಾಕ್ಷಿ ಮಾರಿದಂತಾಗುತ್ತದೆ.

ಚಾವಣಿ ಬಿದ್ದು ದನ ಸತ್ತಿದ್ದರೆ ಪಶುವೈದ್ಯರು ಬಂದು ನೋಡಿ, ಕೊಯ್ದು ಪರೀಕ್ಷೆ ಮಾಡಿ, ಬರೆದು ಕೊಡುವ ತನಕ ಹುಗಿಯಬೇಡಿರಿ. ಕಿವಿಯಲ್ಲಿ ವಿಮೆಯ ಬಿಲ್ಲೆ ಇದ್ದರೆ ಅದರ ಫೋಟೋ ತೆಗೆದಿಟ್ಟು, ಬಿಲ್ಲೆ ಜೋಪಾನ ಮಾಡ್ರಿ.

ಸರ್ಕಾರದ ಪರಿಹಾರ

ಹಳ್ಳಿಯಲ್ಲಿ ತಲಾಟಿ, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿ, ಮತ್ತು ಗ್ರಾಮ ಪಂಚಾಯಿತಿಯ ಪಿಡಿಒ. ಊರು ನಗರಸಭೆಯೊಳಗೆ ಇದ್ದರೆ ನಗರಸಭೆ, ಬೀಳಗಿಯಂಥ ಕಡೆ ಪಟ್ಟಣ ಪಂಚಾಯಿತಿ. ಎಲ್ಲರಿಗೂ ಮೇಲೆ ತಹಶೀಲ್ದಾರರು. ರಬಕವಿ-ಬನಹಟ್ಟಿ ಬೇರೆ ತಾಲೂಕು ಆಗಿದೆ, ಹಳೇ ರೂಢಿಯಂತೆ ಅರ್ಜಿ ಹಿಡಿದು ಜಮಖಂಡಿಗೆ ಓಡಿ ಒಂದು ದಿನ ಕಳೆಯಬೇಡಿರಿ. ಬಾಯಿಮಾತಿನಿಂದ ಹೇಳಿ ಬಂದರೆ ಹೇಳಿದಂತಲ್ಲ. ಅರ್ಜಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸಿಕ್ಕಾ ಹಾಕಿಸಿಕೊಂಡು ಬರ್ರಿ. ಅರ್ಜಿ ಹೀಗೆ ಇದ್ದರೆ ಸಾಕು:

“ದಿನಾಂಕ ____ರಂದು ಸಂಜೆ ____ ಗಂಟೆಗೆ ಬೀಸಿದ ಬಿರುಗಾಳಿ ಮತ್ತು ಮಳೆಯಿಂದ (ಆಣೆಕಲ್ಲು ಬಿದ್ದಿದ್ದರೆ ಅದನ್ನೂ ಬರೆಯುವುದು) ____ ಗ್ರಾಮದ ಮನೆ ನಂ. ____ರ ಚಾವಣಿಯ ಒಟ್ಟು ____ ತಗಡುಗಳ ಪೈಕಿ ____ ಹಾರಿ ಹೋಗಿ, ____ ಗೋಡೆ ಬಿದ್ದಿದೆ. ಸ್ಥಳ ಪಂಚನಾಮೆ ಮಾಡಿ, ಹಾನಿಯ ಶೇಕಡಾವಾರು ನಮೂದಿಸಿ, ಪಂಚನಾಮೆಯ ಪ್ರತಿಯನ್ನು ನನಗೆ ಕೊಡಬೇಕಾಗಿ ವಿನಂತಿ. ಲಗತ್ತು: ಉತಾರ, ಆಧಾರ್, ಬ್ಯಾಂಕ್ ಪುಸ್ತಕ, ಫೋಟೋಗಳು, ಹಾನಿಯ ಪಟ್ಟಿ.”

ಶೇಕಡಾವಾರು ಬರೆಯಿರಿ ಅಂತ ಯಾಕೆ ಹೇಳುತ್ತೇನೆ? ಕೇಂದ್ರ ಸರ್ಕಾರ 2022-23ರಿಂದ 2025-26ರ ಅವಧಿಗೆ ವಿಪತ್ತು ಪರಿಹಾರ ನಿಧಿಯ ದರ ಗೊತ್ತು ಮಾಡಿತು. ಅದರ ಪ್ರಕಾರ ಮನೆ ಪೂರ್ತಿ ಬಿದ್ದರೆ ಬಯಲುಸೀಮೆಯಲ್ಲಿ 1,20,000 ರೂಪಾಯಿ. ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಅದೂ ಹಾನಿ ಕನಿಷ್ಠ ಶೇಕಡಾ 15 ಇದ್ದರೆ ಮಾತ್ರ. ಗುಡಿಸಲಿಗೆ 8,000. ಮನೆಗೆ ಹೊಂದಿದ ದನದ ಕೊಟ್ಟಿಗೆಗೆ 3,000. ಎಮ್ಮೆ ಆಕಳಿಗೆ 37,500, ಎತ್ತಿಗೆ 32,000, ಕುರಿ ಆಡಿಗೆ 4,000. ಕೈಮಗ್ಗದವರಿಗೆ ಹಾಳಾದ ಸಲಕರಣೆಗೆ 5,000, ಹಾಳಾದ ನೂಲು, ಬಟ್ಟೆಗೆ 5,000.

ಪಂಚನಾಮೆಯಲ್ಲಿ “ಅಲ್ಪ ಸ್ವಲ್ಪ ಹಾನಿ” ಅಂತ ಬರೆದು ಬಿಟ್ಟರೆ ಶೇಕಡಾ 15ರ ಕೆಳಗೆ ಬಿದ್ದಂತೆ. ನೂರು ತಗಡಿನೊಳಗೆ ಅರವತ್ತು ಹೋಗಿದ್ದರೆ ಅರವತ್ತು ಅಂತಲೇ ಬರಸ್ರಿ. ಸಹಿ ಮಾಡುವ ಮೊದಲು ಓದಿಸಿಕೊಳ್ರಿ, ಖಾಲಿ ಕಾಗದಕ್ಕೆ ಸಹಿ ಬೇಡ. ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹತ್ತು ರೂಪಾಯಿಗೆ ಆಗುತ್ತದೆ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಆ ನಿಯಮದ ಪಟ್ಟಿಯಲ್ಲಿರುವ ವಿಪತ್ತು ಹನ್ನೆರಡು: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಣೆಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ನಮ್ಮ ಭರಣಿ ಮಳೆಯ ಬಿರುಗಾಳಿ ಅದರಲ್ಲಿ ಹೆಸರಿನಿಂದ ಇಲ್ಲ. ಸಮುದ್ರ ಕಾಣದ ನಮಗೆ ಸುನಾಮಿಯ ಹೆಸರಿದೆ, ಹಿಮ ಕಾಣದ ನಮಗೆ ಹಿಮಕುಸಿತದ ಹೆಸರಿದೆ, ವರ್ಷಾ ವರ್ಷಾ ತಗಡು ಒಯ್ಯುವ ಗಾಳಿಯ ಹೆಸರಿಲ್ಲ. ರಾಜ್ಯ ಸರ್ಕಾರ ತಾನು ಸಾರಿದ ಸ್ಥಳೀಯ ವಿಪತ್ತಿಗೆ ನಿಧಿಯ ಶೇಕಡಾ 10ರ ತನಕ ಬಳಸಬಹುದು ಅಂತ ಅದೇ ನಿಯಮ ಹೇಳುತ್ತದೆ. ಆದ್ದರಿಂದ ಅರ್ಜಿಯಲ್ಲಿ ಬರೇ “ಗಾಳಿ” ಅಂತ ಬರೆದು ಸುಮ್ಮನಾಗಬೇಡಿರಿ. ಆಣೆಕಲ್ಲು ಬಿದ್ದಿದ್ದರೆ, ಸಿಡಿಲು ಹೊಡೆದಿದ್ದರೆ, ಮಳೆಗೆ ಗೋಡೆ ನೆನೆದು ಕುಸಿದಿದ್ದರೆ, ಆದದ್ದನ್ನೆಲ್ಲ ಆದಂತೆ ಬರೆಯಿರಿ. ಆಗದ್ದನ್ನು ಬರೆಯಬೇಡಿರಿ. ಒಬ್ಬರ ಸುಳ್ಳಿನಿಂದ ಇಡೀ ಓಣಿಯ ಅರ್ಜಿ ಸಂಶಯಕ್ಕೆ ಬೀಳುತ್ತದೆ.

ಎರಡನೆಯ ತೊಡಕು ತೋಟದ ಮನೆ. ಹಾನಿಯಾದ ಮನೆ ಅಧಿಕೃತ ಕಟ್ಟಡ ಅಂತ ದೃಢೀಕರಣ ಬೇಕು ಅಂತ ನಿಯಮ. ಊರೊಳಗಿನ ಮನೆಗೆ ಪಂಚಾಯಿತಿ ಉತಾರ ಇರುತ್ತದೆ. ಹೊಲದಲ್ಲಿ ಮನೆ ಕಟ್ಟಿಕೊಂಡು ಇಪ್ಪತ್ತು ವರ್ಷದಿಂದ ಅಲ್ಲೇ ಬದುಕು ಮಾಡಿದವರ ಹತ್ತಿರ ಹೊಲದ ಪಹಣಿ ಮಾತ್ರ ಇರುತ್ತದೆ. ಅವರು ಕರೆಂಟಿನ ಬಿಲ್ಲು, ರೇಷನ್ ಕಾರ್ಡಿನ ವಿಳಾಸ, ಮನೆಪಟ್ಟಿ ಕಟ್ಟಿದ ಪಾವತಿ ಏನಿದ್ದರೂ ಜೋಡಿಸಬೇಕು. ಮುಖ್ಯ ಮಾತು, ಈ ಕಾಗದ ಗಾಳಿ ಬಂದ ಮೇಲೆ ಹುಡುಕುವಂಥದ್ದಲ್ಲ, ಈಗಲೇ ಪಂಚಾಯಿತಿಗೆ ಹೋಗಿ ಸರಿ ಮಾಡಿಕೊಳ್ಳುವಂಥದ್ದು.

ಇನ್ನು ದರದ ಮಾತು. ಕಬ್ಬಿನ ಬೆಲೆಗಾಗಿ 2025ರ ನವೆಂಬರಿನಲ್ಲಿ ರಸ್ತೆಗೆ ಇಳಿದದ್ದು ನಿಮಗೆ ನೆನಪಿದೆ. ಆಗ ಸರ್ಕಾರ ಟನ್ನಿಗೆ 3,300 ಅಂತ ಸಾರಿತು. ಆ ಲೆಕ್ಕದಲ್ಲಿ ಪಕ್ಕಾ ಮನೆಯ ಭಾಗಶಃ ಹಾನಿಯ 6,500 ರೂಪಾಯಿ ಎರಡು ಟನ್ ಕಬ್ಬಿನ ಬೆಲೆಯೂ ಆಗುವುದಿಲ್ಲ. ದನದ ಕೊಟ್ಟಿಗೆಯ 3,000 ಒಂದು ಟನ್ನೂ ಅಲ್ಲ. ತಗಡಿನ ಮೇಲೆ ನಾವು ಕೊಡುವ ಜಿಎಸ್‌ಟಿಯೇ ಶೇಕಡಾ 18. ಹಾಗಾದರೆ 80,000 ರೂಪಾಯಿ ತಗಡು ಪೈಪು ಕೊಂಡವನ ಬಿಲ್ಲಿನೊಳಗೆ ತೆರಿಗೆಯೇ 12,000 ದಾಟುತ್ತದೆ. ಸರ್ಕಾರ ಒಂದು ಕೈಯಿಂದ ಕೊಡುವ ಪರಿಹಾರ ಇನ್ನೊಂದು ಕೈಯಿಂದ ತೆಗೆದುಕೊಳ್ಳುವ ತೆರಿಗೆಯ ಅರ್ಧ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಹೆಚ್ಚು ಕೊಡಬಲ್ಲದು. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಸಾರಿತ್ತು. ನೀವು ಅರ್ಜಿ ಕೊಡುವ ದಿನ ಯಾವ ದರ ನಡೆಯುತ್ತಿದೆ ಅನ್ನುವುದನ್ನು ತಹಶೀಲ್ದಾರ ಕಚೇರಿಯಲ್ಲಿ ಬರವಣಿಗೆಯಿಂದಲೇ ಕೇಳ್ರಿ.

ಇಷ್ಟು ಕಡಿಮೆ ರೊಕ್ಕಕ್ಕೆ ಯಾಕೆ ತಿರುಗಬೇಕು ಅನ್ನಬೇಡಿರಿ. ಆ ಪಂಚನಾಮೆ ಸರ್ಕಾರದ ಸಾಕ್ಷಿ. ವಿಮಾ ಕಂಪನಿಯ ಎದುರು ಅದಕ್ಕಿಂತ ದೊಡ್ಡ ಕಾಗದ ನಮ್ಮ ಕೈಯಲ್ಲಿ ಬೇರೆ ಇಲ್ಲ.

ನಿಮ್ಮ ಶೆಡ್ಡಿಗೆ ವಿಮೆ ಇದೆಯೇ?

ಈ ಪ್ರಶ್ನೆ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಇಲ್ಲ ಅನ್ನುತ್ತಾರೆ. ಫಸಲ್ ಬಿಮಾ ಕಟ್ಟಿದ್ದೇವಲ್ಲ ಅನ್ನುವವರೂ ಇದ್ದಾರೆ. ಫಸಲ್ ಬಿಮಾ ಹೊಲದ ಬೆಳೆಗೆ, ಮನೆಯ ತಗಡಿಗೆ ಅದರಿಂದ ಒಂದು ಪೈಸೆ ಬರುವುದಿಲ್ಲ. ದನದ ವಿಮೆ ದನಕ್ಕೆ, ಕೊಟ್ಟಿಗೆಗೆ ಅಲ್ಲ.

ಆದರೆ ಬ್ಯಾಂಕಿನಿಂದ, ಸೊಸೈಟಿಯಿಂದ ಸಾಲ ತೆಗೆದು ಡೇರಿ ಶೆಡ್ಡು, ಕೋಳಿ ಶೆಡ್ಡು, ಮನೆ, ಮಗ್ಗ ಮಾಡಿಕೊಂಡವರು ನಿಮ್ಮ ಸಾಲದ ಖಾತೆಯ ಹಾಳೆ ತೆಗೆಸಿ ನೋಡಿರಿ. ವರ್ಷಕ್ಕೊಮ್ಮೆ “ಇನ್ಶೂರನ್ಸ್” ಅಂತ ಒಂದು ಮೊತ್ತ ಖರ್ಚು ಬಿದ್ದಿರುವುದು ಬಹಳ ಖಾತೆಗಳಲ್ಲಿ ಸಿಗುತ್ತದೆ. ಒತ್ತೆ ಇಟ್ಟ ಆಸ್ತಿ ಹಾಳಾದರೆ ಬ್ಯಾಂಕಿನ ಸಾಲ ಮುಳುಗಬಾರದು ಅಂತ ಬ್ಯಾಂಕಿನವರೇ ವಿಮೆ ಮಾಡಿಸಿ ಅದರ ಕಂತನ್ನು ನಮ್ಮ ಸಾಲಕ್ಕೆ ಸೇರಿಸಿರುತ್ತಾರೆ. ಆ ಕಂತಿನ ಮೇಲೂ ನಾವು ಬಡ್ಡಿ ಕೊಡುತ್ತೇವೆ. ಪಾಲಿಸಿಯ ಕಾಗದ ಮಾತ್ರ ಬ್ಯಾಂಕಿನ ಕಪಾಟಿನಲ್ಲಿ. ನಮ್ಮ ಕಡೆಯ ಒಬ್ಬ ರೈತರ ಡೇರಿ ಶೆಡ್ಡು ಹಾರಿದಾಗ ಅವರಿಗೆ ವಿಮೆ ಇದ್ದದ್ದೇ ಗೊತ್ತಿರಲಿಲ್ಲ. ಮರುವರ್ಷ ಸಾಲದ ಖಾತೆ ತಾಳೆ ನೋಡುವಾಗ ಕಂತು ಕಡಿತವಾದದ್ದು ಕಂಡಿತು. ಅಷ್ಟು ಹೊತ್ತಿಗೆ ಹಳೇ ತಗಡು ಗುಜರಿಗೆ ಹೋಗಿತ್ತು, ಫೋಟೋ ಇರಲಿಲ್ಲ, ಪಂಚನಾಮೆ ಆಗಿರಲಿಲ್ಲ.

ಆದ್ದರಿಂದ ನಾಳೆಯೇ ಬ್ಯಾಂಕಿಗೆ ಒಂದು ಅರ್ಜಿ ಬರೆಯಿರಿ: “ನನ್ನ ಸಾಲದ ಖಾತೆಗೆ ಖರ್ಚು ಹಾಕಿದ ವಿಮೆಯ ಪಾಲಿಸಿ ಪ್ರತಿ ಕೊಡಿರಿ.” ಪಾಲಿಸಿ ಕೈಗೆ ಬಂದ ಮೇಲೆ ಐದು ಸಂಗತಿ ನೋಡಿರಿ.

ಒಂದು, ಅವಧಿ. ಸಾಲ ಏಳು ವರ್ಷದ್ದು, ವಿಮೆ ಒಂದು ವರ್ಷದ್ದು ಇರಬಹುದು. ಈ ವರ್ಷ ನವೀಕರಣ ಆಗಿದೆಯೇ?

ಎರಡು, ಜಾಗ. ಸರ್ವೆ ನಂಬರು, ಊರು ಸರಿ ಇದೆಯೇ? ತೋಟದ ಶೆಡ್ಡಿಗೆ ಊರ ಮನೆಯ ವಿಳಾಸ ಹಾಕಿದ್ದರೆ ಈಗಲೇ ತಿದ್ದಿಸಿರಿ.

ಮೂರು, ಯಾವುದಕ್ಕೆ ವಿಮೆ. ಕಟ್ಟಡಕ್ಕೋ, ಬರೇ ಯಂತ್ರಕ್ಕೋ, ಬರೇ ದನಕ್ಕೋ? ಮಗ್ಗದವರು ಕಟ್ಟಡ, ಮಗ್ಗ, ನೂಲು, ನೇಯ್ದ ಸೀರೆ ನಾಲ್ಕನ್ನೂ ಬೇರೆ ಬೇರೆ ಬರೆಸಿರಬೇಕು. ಗೋಡೆ ಯಾವುದರದು, ಚಾವಣಿ ಯಾವುದರದು ಅನ್ನುವುದನ್ನು ಇದ್ದದ್ದು ಇದ್ದಂತೆ ಬರಸ್ರಿ. ತಗಡಿನ ಚಾವಣಿಯನ್ನು ಆರ್‌ಸಿಸಿ ಅಂತ ಬರೆದಿದ್ದರೆ ಆಮೇಲೆ ಅದೇ ನೆಪ ಆಗುತ್ತದೆ.

ನಾಲ್ಕು, ಬಿರುಗಾಳಿ ಸೇರಿದೆಯೇ? ಬೆಂಕಿ ವಿಮೆ ಅಂತ ಕರೆಯುವ ಪಾಲಿಸಿಯಲ್ಲಿ ಸಾಮಾನ್ಯವಾಗಿ ಬಿರುಗಾಳಿ, ಚಂಡಮಾರುತ, ನೆರೆಯೂ ಸೇರಿರುತ್ತವೆ. ಹೆಸರು ಬೆಂಕಿಯದು ಅಂತ ಗಾಳಿಗೆ ಸಿಗುವುದಿಲ್ಲ ಅಂದುಕೊಂಡು ಸುಮ್ಮನೆ ಕೂತವರು ಎಷ್ಟೋ ಮಂದಿ.

ಐದು, ಮೊತ್ತ. ಹತ್ತು ಲಕ್ಷದ ಶೆಡ್ಡಿಗೆ ಐದು ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, ಎರಡು ಲಕ್ಷ ಹಾನಿಯಾದಾಗ ಪೂರ್ತಿ ಎರಡು ಲಕ್ಷ ಬರುವುದಿಲ್ಲ. ಅರ್ಧ ವಿಮೆ, ಅರ್ಧ ಪರಿಹಾರ ಅನ್ನುವ ಸರಾಸರಿ ನಿಯಮ ಹಚ್ಚಿ ಒಂದು ಲಕ್ಷಕ್ಕೆ ಇಳಿಸುತ್ತಾರೆ. ಹಳೇ ತಗಡಿಗೆ ಸವಕಳಿ ಕಡಿತ ಬೇರೆ.

ವಾಸದ ಮನೆಗೆ ಇದಕ್ಕಿಂತ ಒಳ್ಳೆಯ ಪಾಲಿಸಿ ಬಂದಿದೆ. 2021ರ ಏಪ್ರಿಲ್ 1ರಿಂದ ವಿಮಾ ಪ್ರಾಧಿಕಾರ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಿಗೂ ‘ಭಾರತ್ ಗೃಹ ರಕ್ಷಾ’ ಅನ್ನುವ ಒಂದೇ ನಮೂನೆಯ ಪಾಲಿಸಿ ಕಡ್ಡಾಯ ಮಾಡಿತು. ಬಿರುಗಾಳಿ, ನೆರೆ, ಸಿಡಿಲು ಅದರಲ್ಲಿವೆ. ಆ ಸರಾಸರಿ ನಿಯಮ ಇದಕ್ಕೆ ಹಚ್ಚುವಂತಿಲ್ಲ. ಕಟ್ಟಡಕ್ಕೆ ಮಾಡಿಸಿದರೆ ಮೊತ್ತದ ಶೇಕಡಾ 20ರಷ್ಟು, 10 ಲಕ್ಷದ ಮಿತಿಯೊಳಗೆ, ಮನೆಯೊಳಗಿನ ಸಾಮಾನೂ ತಾನೇ ಸೇರುತ್ತದೆ. ಸಣ್ಣ ಉದ್ಯೋಗದವರಿಗೆ, ಅಂದರೆ ಮಗ್ಗ, ಗಾಣದ ಮನೆ, ಸಣ್ಣ ಗಿರಣಿಯವರಿಗೆ, ಆಗಲೇ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ. ಏಜೆಂಟರು ತಾವಾಗಿ ಹೇಳುವುದಿಲ್ಲ. ಹೆಸರು ಹಿಡಿದು ನೀವೇ ಕೇಳ್ರಿ.

ರೊಕ್ಕ ಕೇಳುವ ದಾರಿ

ಹಾನಿಯಾದ ದಿನವೇ, ತಪ್ಪಿದರೆ ಮರುದಿನ, ವಿಮಾ ಕಂಪನಿಗೂ ಬ್ಯಾಂಕಿಗೂ ತಿಳಿಸಬೇಕು. ಫೋನು ಮಾಡಿದರೆ ದೂರಿನ ನಂಬರು ಬರೆದುಕೊಳ್ರಿ. ಅದರ ಹಿಂದೆಯೇ ಒಂದು ಕಾಗದ ಸ್ಪೀಡ್ ಪೋಸ್ಟಿನಿಂದ ಇಲ್ಲವೆ ಇ-ಮೇಲ್‌ನಿಂದ ಹೋಗಲಿ. ಬ್ಯಾಂಕಿನ ಸಾಹೇಬರು “ನಾವು ತಿಳಿಸತೇವಿ, ನೀವು ಹೋಗ್ರಿ” ಅಂದರೆ ಅಷ್ಟಕ್ಕೆ ನಂಬಿ ಬರಬೇಡಿರಿ.

ಕಂಪನಿಯು ಸರ್ವೇಯರ್ ಅಂತ ಒಬ್ಬರನ್ನು ಕಳಿಸುತ್ತದೆ. 2024ರಲ್ಲಿ ವಿಮಾ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯಂತೆ ನಾವು ತಿಳಿಸಿದ 24 ತಾಸಿನೊಳಗೆ ಸರ್ವೇಯರನ್ನು ಗೊತ್ತು ಮಾಡಬೇಕು, ಅವರು 15 ದಿನದೊಳಗೆ ವರದಿ ಕೊಡಬೇಕು, ವರದಿ ಬಂದ 7 ದಿನದೊಳಗೆ ಕಂಪನಿ ತೀರ್ಮಾನ ಹೇಳಬೇಕು. ಈ ದಿನಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಟ್ಟುಕೊಳ್ರಿ. ಸರ್ವೇಯರ್ ಬಂದಾಗ ಫೋಟೋ, ಪಟ್ಟಿ, ಪಂಚನಾಮೆ, ಹಳೇ ಬಿಲ್ಲು, ಗೌಂಡಿ ಅಥವಾ ಫ್ಯಾಬ್ರಿಕೇಶನ್‌ನವರು ಬರೆದುಕೊಟ್ಟ ದುರಸ್ತಿ ಅಂದಾಜು ಒಂದು ಕಟ್ಟು ಮಾಡಿ ಕೊಡಿರಿ, ಕೊಟ್ಟದ್ದಕ್ಕೆ ಸಹಿ ತೆಗೆದುಕೊಳ್ಳಿರಿ. ಅವರು ಅಳತೆ ಮಾಡುವಾಗ ಜೊತೆಗೆ ನಿಂತು ನೀವೂ ಅಳತೆ ಬರೆದುಕೊಳ್ಳಿರಿ.

ಅವರು ಹೇಳುವ ನೆಪ ಹೆಚ್ಚಾಗಿ ಎರಡು. “ಆ ದಿನ ಬಿರುಗಾಳಿ ಇರಲೇ ಇಲ್ಲ” ಅನ್ನುವುದು ಒಂದು. ಇದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಾಖಲೆ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ, ಹೋಬಳಿಗಳಲ್ಲಿ ಗಾಳಿಯನ್ನೂ ಅಳೆಯುವ ಹವಾಮಾನ ಯಂತ್ರ ಆ ಕೇಂದ್ರದ್ದು. ಅಲ್ಲಿಂದ ಆ ದಿನದ ಅಂಕಿ ಕೇಳಿರಿ. ಹೋಬಳಿಯ ಯಂತ್ರ ಹತ್ತು ಮೈಲಿ ಆಚೆ ಇದ್ದು ಗಾಳಿ ತೋರಿಸದೆ ಇರಬಹುದು. ಆಗ ಪಂಚನಾಮೆ, ಮರುದಿನದ ಪತ್ರಿಕೆಯ ತುಣುಕು, ಅದೇ ಓಣಿಯ ಇತರ ಮನೆಗಳ ಫೋಟೋ, ಮುರಿದ ಕಂಬದ ಬಗ್ಗೆ ಹೆಸ್ಕಾಂನ ದಾಖಲೆ ಸಾಕ್ಷಿ ಆಗುತ್ತವೆ. “ಗಾಳಿಯಿಂದಲ್ಲ, ಹಳೇದಾಗಿ ಬಿದ್ದದ್ದು” ಅನ್ನುವುದು ಇನ್ನೊಂದು ನೆಪ. ಗಾಳಿಯ ಮೊದಲು ಚಾವಣಿ ಹೇಗಿತ್ತು ಅನ್ನುವ ಫೋಟೋ ಇದ್ದರೆ ಈ ಮಾತು ನಿಲ್ಲುವುದಿಲ್ಲ. ಪ್ರತಿ ಯುಗಾದಿಗೆ ಮನೆ ಬಳಿದ ಮೇಲೆ ನಾಲ್ಕು ಫೋಟೋ ತೆಗೆದಿಡ್ರಿ. ಖರ್ಚಿಲ್ಲದ ಕೆಲಸ.

ಕಡಿಮೆ ರೊಕ್ಕ ಮಂಜೂರು ಮಾಡಿ “ಪೂರ್ಣ ಹಾಗೂ ಅಂತಿಮ” ಅನ್ನುವ ಚೀಟಿಗೆ ಸಹಿ ಕೇಳುತ್ತಾರೆ. ಅಂಥ ಸಹಿ ಮಾಡಿದ ಮಾತ್ರಕ್ಕೆ ಹೆಚ್ಚಿನದಕ್ಕೆ ಕೇಳುವ ಹಕ್ಕು ಹೋಗುವುದಿಲ್ಲ ಅಂತ 2015ರಲ್ಲೇ ಪ್ರಾಧಿಕಾರ ಕಂಪನಿಗಳಿಗೆ ಹೇಳಿದೆ. ಆದರೂ ಸಹಿಯ ಮೇಲೆ “ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ” ಅಂತ ಬರೆಯಿರಿ.

ಬ್ಯಾಂಕಿನ ಮೂಲಕ ಮಾಡಿಸಿದ ವಿಮೆಯ ರೊಕ್ಕ ಮೊದಲು ಬ್ಯಾಂಕಿಗೆ ಹೋಗುತ್ತದೆ. ಅದನ್ನು ಸಾಲಕ್ಕೆ ಜಮಾ ಮಾಡಿಕೊಂಡು ಬಿಟ್ಟರೆ ಸಾಲ ಇಳಿಯುತ್ತದೆ, ಆದರೆ ಶೆಡ್ಡಿನ ಮೇಲೆ ತಗಡು ಬರುವುದಿಲ್ಲ, ದನ ಬಯಲಿಗೆ ಬೀಳುತ್ತವೆ. ದುರಸ್ತಿ ಅಂದಾಜು ತೋರಿಸಿ, ಆ ರೊಕ್ಕವನ್ನು ಚಾವಣಿ ಹೊಚ್ಚಲಿಕ್ಕೆ ಬಿಡುಗಡೆ ಮಾಡಿರಿ ಅಂತ ಮೊದಲೇ ಬರೆದು ಕೊಡಿರಿ. ಇನ್ನು ಕಂತು ಖಾತೆಯಿಂದ ಕಡಿದು, ವಿಮೆ ನವೀಕರಿಸದೆ ಬಿಟ್ಟಿದ್ದರೆ ಹೊಣೆ ಬ್ಯಾಂಕಿನದು. ಅಂಥ ಪ್ರಕರಣಗಳಲ್ಲಿ ಗ್ರಾಹಕ ಆಯೋಗಗಳು ಬ್ಯಾಂಕಿನಿಂದಲೇ ಪರಿಹಾರ ಕೊಡಿಸಿದ್ದುಂಟು.

ಕಂಪನಿ ಇಲ್ಲ ಅಂದರೆ, ಅಥವಾ ಒಂದು ತಿಂಗಳು ಬಾಯಿ ಬಿಡದಿದ್ದರೆ, ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಮೊದಲು ಕಂಪನಿಗೆ ಬರವಣಿಗೆಯ ದೂರು, ಆಮೇಲೆ ಒಂದು ವರ್ಷದೊಳಗೆ ಅಲ್ಲಿಗೆ. ಶುಲ್ಕ ಇಲ್ಲ, ವಕೀಲರು ಬೇಕಾಗಿಲ್ಲ, 50 ಲಕ್ಷದ ತನಕದ ತಗಾದೆ ನೋಡುತ್ತಾರೆ. ಪ್ರಾಧಿಕಾರಕ್ಕೆ ದೂರು ಹೇಳುವ ಫೋನು 155255. ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗ ಇನ್ನೊಂದು ಬಾಗಿಲು, ಅಲ್ಲಿ ಎರಡು ವರ್ಷದೊಳಗೆ ಹೋಗಬೇಕು. ನಾವು ಕಟ್ಟುವಂಥ ಸಣ್ಣ ಕಂತಿನ ಪಾಲಿಸಿಗೆ ಅಲ್ಲಿಯೂ ಶುಲ್ಕವಿಲ್ಲ.

ಊರು ಮಾಡಬೇಕಾದ ಕೆಲಸ

ಒಬ್ಬೊಬ್ಬರೇ ಕಚೇರಿಗೆ ಹೋದರೆ ನಾಳೆ ಬಾ ಅನ್ನುತ್ತಾರೆ. ಗಾಳಿ ಬೀಸಿದ ಮರುದಿನ ಬೆಳಿಗ್ಗೆ ಪ್ರತಿ ಊರಿನಲ್ಲಿ ನಾಲ್ಕು ಮಂದಿ ಓದಿದ ಹುಡುಗ ಹುಡುಗಿಯರು ವಹಿ ಹಿಡಿದು ಓಣಿ ಓಣಿ ತಿರುಗಿ ಒಂದೇ ಪಟ್ಟಿ ಮಾಡಲಿ. ಮನೆ ನಂಬರು, ಯಜಮಾನರ ಹೆಸರು, ತಗಡಿನ ಎಣಿಕೆ, ಶೇಕಡಾವಾರು, ಫೋಟೋ. ಗಂಡ ಸತ್ತ ಹೆಣ್ಣುಮಕ್ಕಳ ಮನೆ, ದುಡಿಯಲು ಊರು ಬಿಟ್ಟು ಹೋದವರ ಮುಚ್ಚಿದ ಮನೆ ಬಿಟ್ಟುಹೋಗದಂತೆ ನೋಡಿರಿ, ಪಟ್ಟಿಯಿಂದ ಮೊದಲು ತಪ್ಪುವವರು ಅವರೇ. ಆ ಪಟ್ಟಿ ಪಂಚಾಯಿತಿಗೆ ಒಂದು, ತಹಶೀಲ್ದಾರರಿಗೆ ಒಂದು, ಊರಲ್ಲಿ ಒಂದು. ಅರವತ್ತು ಮನೆಯ ಪಟ್ಟಿಯನ್ನು ಮೂಲೆಗೆ ಎಸೆಯುವುದು ಅಷ್ಟು ಸುಲಭವಲ್ಲ.

ಸರ್ಕಾರಕ್ಕೆ ನಮ್ಮ ಕೇಳಿಕೆ ಮೂರು. ಬಿರುಗಾಳಿಯನ್ನು ಹೆಸರು ಹಿಡಿದು ವಿಪತ್ತಿನ ಪಟ್ಟಿಗೆ ಸೇರಿಸಿರಿ. ಪರಿಹಾರದ ದರವನ್ನು ತಗಡು, ಪೈಪಿನ ಪೇಟೆ ದರಕ್ಕೆ ಗಂಟು ಹಾಕಿರಿ. ಸಾಲದ ಖಾತೆಯಿಂದ ಕಂತು ಕಡಿದ ಪ್ರತಿ ಪಾಲಿಸಿಯ ಪ್ರತಿಯನ್ನು, ಕನ್ನಡದಲ್ಲಿ, ಸಾಲಗಾರನ ಕೈಗೆ ಕೊಡುವುದನ್ನು ಬ್ಯಾಂಕುಗಳಿಗೆ ಕಡ್ಡಾಯ ಮಾಡಿರಿ. ಇವು ಆಗುವ ತನಕ ನಾವು ಕೈ ಕಟ್ಟಿ ಕೂಡಬೇಕಾಗಿಲ್ಲ. ಬೋಲ್ಟು ಬಿಗಿ ಮಾಡುವುದು, ಫೋಟೋ ತೆಗೆದಿಡುವುದು, ಉತಾರ ಸರಿ ಮಾಡಿಸುವುದು, ಪಾಲಿಸಿ ಕೇಳುವುದು, ಈ ನಾಲ್ಕಕ್ಕೆ ಯಾರ ಅಪ್ಪಣೆಯೂ ಬೇಡ.

ಇದನ್ನು ಓದಿದವರು ಓದಲು ಬಾರದವರಿಗೆ ಓದಿ ಹೇಳಬೇಕು. ಸಾಲದ ಖಾತೆಯ ಹಾಳೆ ತೆಗೆಸಿ ಆ “ಇನ್ಶೂರನ್ಸ್” ಅನ್ನುವ ಸಾಲು ಹುಡುಕುವ ಕೆಲಸ ಈ ವಾರವೇ ಆಗಲಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.